ಡೇವಿಡ್ ಕೋಹೆನ್, ಎದೆ, ಮೆದುಳು ಮತ್ತೆ ಆ ಒಂದು ರೂಮು: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಓದಿದ್ದು ಫಿಸಿಕ್ಸು, ಮದುವೆ ಆಗಿದ್ದು ನ್ಯೂರಾಲಜಿ ಲ್ಯಾಬಲ್ಲಿ ಕೆಲಸ ಮಾಡೋರನ್ನ, ಹಾಗಾಗಿ ನಮ್ಮನೇಲಿ ಊಟದ ಹೊತ್ತಲ್ಲಿ ಡೇವಿಡ್ ಕೋಹೆನ್ ಹೆಸರು ಆಗಾಗ ಬರುತ್ತೆ. ಮನೆಗೆ ಬಂದೋರು ಯಾರಪ್ಪಾ ಅದು ಅಂತಾರೆ, ಹೇಳೋಕೆ ಶುರು ಮಾಡಿದ್ರೆ ಎಲ್ಲರೂ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳನ್ನ ಅದೇ ಸಾಲಲ್ಲಿ ಕೇಳ್ತಾರೆ. ಒಂದ್ಸಲ ಕೂತು ಬರೆದಿಟ್ಬಿಡೋಣ ಅಂತ ಇದು.

ಯಾರಿದು ಕೋಹೆನ್? ನಾನು ಹೆಸರೇ ಕೇಳಿಲ್ಲ.

ಕೇಳಿರಲ್ಲ ಬಿಡಿ, ಹೃದಯದ ಡಾಕ್ಟ್ರುಗಳಲ್ಲೇ ಎಷ್ಟೋ ಜನ ಕೇಳಿರಲ್ಲ. 1927ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದ್ದು, 1948ರಲ್ಲಿ ಮ್ಯಾನಿಟೋಬಾ ಯೂನಿವರ್ಸಿಟಿಯಲ್ಲಿ ಡಿಗ್ರಿ, 1955ರಲ್ಲಿ ಬರ್ಕ್ಲಿಯಲ್ಲಿ ಪಿಎಚ್‌ಡಿ. ಅದೂ ಯಾವುದ್ರಲ್ಲಿ ಅಂದ್ಕೊಂಡ್ರಿ, ನ್ಯೂಕ್ಲಿಯರ್ ಫಿಸಿಕ್ಸಲ್ಲಿ. ಆಮೇಲೆ ಶಿಕಾಗೋ ಹತ್ರ ಆರ್ಗಾನ್ ಲ್ಯಾಬು, ಅಲ್ಲಿಂದ ಶಿಕಾಗೋದಲ್ಲೇ ಇಲಿನಾಯ್ ಯೂನಿವರ್ಸಿಟಿ, ಅಲ್ಲಿಂದ ಎಂಐಟಿ, ಕೊನೆಗೆ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ. ಡಾಕ್ಟ್ರಲ್ಲ, ಸ್ಟೆತಸ್ಕೋಪ್ ಹಿಡಿದೋರಲ್ಲ. ಆದ್ರೂ ಎಂಇಜಿ, ಅಂದ್ರೆ ಮ್ಯಾಗ್ನೆಟೋ ಎನ್ಸೆಫಲೋಗ್ರಫಿ, ಮೆದುಳು ತನ್ನಷ್ಟಕ್ಕೆ ಹುಟ್ಟಿಸೋ ಮ್ಯಾಗ್ನೆಟಿಕ್ ಫೀಲ್ಡನ್ನ ಹೊರಗಿಂದ ಅಳೆಯೋ ಪದ್ಧತಿ, ಅದಕ್ಕೆ ಇವರನ್ನೇ ಅಪ್ಪ ಅಂತಾರೆ.

ಎದೆ ಬೇರೆ ತಲೆ ಬೇರೆ, ಒಬ್ಬರೇ ಎರಡರ ಮೇಲೂ ಹೆಂಗೆ ರಿಸರ್ಚ್ ಮಾಡಿದ್ರು?

ಡಾಕ್ಟ್ರುಗಳಿಗೆ ಅವು ಎರಡು ಡಿಪಾರ್ಟ್‌ಮೆಂಟು, ಎರಡು ಬಿಲ್ಡಿಂಗು, ಎರಡು ಕ್ಯೂ. ಫಿಸಿಕ್ಸಿನೋರಿಗೆ ಎರಡೂ ಒಂದೇ, ಕರೆಂಟು. ಹೃದಯದ ಸ್ನಾಯು ಬಿಗಿಯಾಗೋಕೆ ಮುಂಚೆ ಅದರುದ್ದಕ್ಕೂ ಕರೆಂಟು ಹರಿಯುತ್ತೆ, ಮೆದುಳಿನ ನರಕೋಶಗಳಲ್ಲೂ ಹರಿಯುತ್ತೆ, ಕರೆಂಟು ಹರಿದ ಕಡೆ ಸುತ್ತ ಮ್ಯಾಗ್ನೆಟಿಕ್ ಫೀಲ್ಡು ಹುಟ್ಟುತ್ತೆ, ಇದು 1820ರಲ್ಲೇ ಅರ್ಸ್ಟೆಡ್ ತೋರಿಸಿದ್ದು. ಚರ್ಮದ ಮೇಲೆ ವೈರ್ ಅಂಟಿಸಿ ವೋಲ್ಟೇಜ್ ಹಿಡಿಯೋ ಕೆಲಸ ಆಗಲೇ ಆಗೋಗಿತ್ತು. ಹೃದಯಕ್ಕೆ ಐಂಥೋವನ್ ಅವರ ಇಸಿಜಿ, ಮೆದುಳಿಗೆ ಹಾನ್ಸ್ ಬರ್ಗರ್ ಅವರ ಇಇಜಿ. (ತಮಾಷೆ ನೋಡಿ, ಐಂಥೋವನ್‌ಗೆ ನೊಬೆಲ್ ಬಂದಿದ್ದೂ 1924, ಬರ್ಗರ್ ಮನುಷ್ಯನ ಮೆದುಳಿಂದ ಮೊದಲ ಸಿಗ್ನಲ್ ತೆಗೆದಿದ್ದೂ 1924.) ಉಳಿದಿದ್ದು ಅದೇ ಕರೆಂಟಿನ ಇನ್ನೊಂದು ಮುಖ, ಮ್ಯಾಗ್ನೆಟಿಕ್ ಮುಖ. ಕೋಹೆನ್ ಕೈ ಹಾಕಿದ್ದು ಅದಕ್ಕೆ. ಸಾಧನ ಒಂದು ರೆಡಿ ಆಯ್ತು ಅಂದ್ಮೇಲೆ ಅದರ ಮುಂದೆ ಎದೆ ಇಟ್ರೂ ಆಯ್ತು, ತಲೆ ಇಟ್ರೂ ಆಯ್ತು. ಈ ಮನುಷ್ಯ ಶ್ವಾಸಕೋಶನೂ ಇಟ್ರು, ಅದು ಮುಂದೆ ಬರುತ್ತೆ.

ಎಷ್ಟು ಸಣ್ಣ ಫೀಲ್ಡು ಅದು? ಫ್ರಿಜ್ ಮ್ಯಾಗ್ನೆಟ್ ಅಂಟುತ್ತಾ ತಲೆಗೆ?

ಇಲ್ಲ ಮಾರಾಯ್ರೇ. ಭೂಮಿಯ ಫೀಲ್ಡು ಸುಮಾರು 50 ಮೈಕ್ರೋಟೆಸ್ಲಾ. ಹೃದಯದ್ದು ಜೋರಾಗಿ ಬಡಿಯೋ ಕ್ಷಣದಲ್ಲೂ ಅದರ ಹತ್ತು ಲಕ್ಷದಲ್ಲಿ ಒಂದು ಭಾಗ, 50 ಪಿಕೊಟೆಸ್ಲಾ ಆಸುಪಾಸು. ಮೆದುಳಿನ ಆಲ್ಫಾ ಅಲೆ, ಅಂದ್ರೆ ಕಣ್ಣು ಮುಚ್ಚಿ ಸುಮ್ನೆ ಕೂತಾಗ ಏಳೋದು, ಸುಮಾರು 1 ಪಿಕೊಟೆಸ್ಲಾ, ಕಿವಿಗೆ ಒಂದು ಟಿಕ್ ಶಬ್ದ ಕೇಳಿಸಿದಾಗ ಏಳೋ ಅಲೆ ಅದರಲ್ಲೂ ಹತ್ತನೇ ಒಂದು. ಸೊನ್ನೆ ಲೆಕ್ಕ ತಲೆಗೆ ಹತ್ತಲ್ಲ ಅನ್ನೋರಿಗೆ ನಾನು ಹಿಂಗೆ ಹೇಳೋದು: ಬೆಂಗಳೂರಿಂದ ಮೈಸೂರಿಗೆ ಹೆಚ್ಚುಕಮ್ಮಿ 145 ಕಿಲೋಮೀಟರ್, ಭೂಮಿ ಫೀಲ್ಡು ಅಷ್ಟುದ್ದ ಅಂದ್ಕೊಳ್ಳಿ, ಆಗ ಹೃದಯದ್ದು ಮುಕ್ಕಾಲು ಗೇಣೂ ಇಲ್ಲ, ಆಲ್ಫಾ ಅಲೆ ಒಂದು ಹೆಸರುಕಾಳು, ಆ ಟಿಕ್ ಶಬ್ದದ್ದು ಚಿರೋಟಿ ರವೆಯ ಒಂದು ಕಣ. ಮೈಸೂರು ರೋಡಲ್ಲಿ ಬಿದ್ದಿರೋ ಆ ರವೆ ಕಣ ಹುಡುಕ್ಬೇಕು, ಅದೂ ರೋಡೇ ಅಲ್ಲಾಡ್ತಿರುವಾಗ. ಯಾಕಂದ್ರೆ ಲಿಫ್ಟು, ಕಾರು, ಕರೆಂಟ್ ಲೈನು, ಪಕ್ಕದ ರೂಮಿನ ಕಬ್ಬಿಣದ ಕುರ್ಚಿ ಎಳೆದಿದ್ದು, ಎಲ್ಲವೂ ಫೀಲ್ಡನ್ನ ಅಲ್ಲಾಡಿಸ್ತಾವೆ, ಮತ್ತೆ ಎಲ್ಲವೂ ಹೃದಯಕ್ಕಿಂತ ಜೋರು.

ಹಾಗಾದ್ರೆ ಹೃದಯದ ಫೀಲ್ಡನ್ನ ಮೊದಲು ಅಳೆದಿದ್ದು ಇವರೇನಾ?

ಅಲ್ಲ, ಇದೊಂದನ್ನ ತಪ್ಪಾಗಿ ಬರೀತಾರೆ ಬಹಳ ಜನ. 1963ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ಬೌಲೆ ಮತ್ತೆ ಮೆಕ್‌ಫೀ ಅನ್ನೋ ಇಬ್ಬರು ಮೊದಲು ಮಾಡಿದ್ದು. ಲಕ್ಷಾಂತರ ಸುತ್ತು ತಾಮ್ರದ ತಂತಿ ಸುತ್ತಿದ ದೊಡ್ಡ ಕಾಯಿಲ್‌ಗಳು, ಊರಿನ ಗಲಾಟೆ ಬೇಡ ಅಂತ ಬಯಲಿಗೆ ಹೋಗಿ ಅಲ್ಲಿ ಮನುಷ್ಯನ್ನ ಮಲಗಿಸಿ ಅಳೆದ್ರು. ಸಿಗ್ನಲ್ ಏನೋ ಬಂತು, ಆದ್ರೆ ತುಂಬಾ ಗೊರಗೊರ. ಕೋಹೆನ್ ಯೋಚನೆ ಉಲ್ಟಾ ಓಡ್ತು. ಊರು ಬಿಟ್ಟು ಓಡಿ ಎಷ್ಟು ದೂರ ಹೋಗ್ತೀರಿ, ಊರಿನ ನಡುವೆನೇ ಊರಿನ ಫೀಲ್ಡು ಒಳಗೆ ಬರದ ಹಾಗೆ ಒಂದು ರೂಮು ಕಟ್ಟಿದ್ರಾಯ್ತಲ್ಲ ಅಂತ. ಶಿಕಾಗೋದಲ್ಲಿ ಅಂಥ ರೂಮು ಕಟ್ಟಿದ್ರು, 1967ರಲ್ಲಿ ಅದರೊಳಗೆ ತೆಗೆದ ಹೃದಯದ ಅಳತೆಗಳನ್ನ ಸೈನ್ಸ್ ಪತ್ರಿಕೆಯಲ್ಲಿ ಹಾಕಿದ್ರು.

ಆ ರೂಮಲ್ಲಿ ಅಂಥದ್ದೇನಿದೆ? ಎಲ್ಲರೂ ರೂಮು ರೂಮು ಅಂತೀರಲ್ಲ.

ಇದೇ ನನ್ನ ಮೆಚ್ಚಿನ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ. ನನ್ನ ಪ್ರಕಾರ ಕೋಹೆನ್ ಅವರ ಇಡೀ ಸಾಧನೆ ಓದೋದು ಹಿಂಗೆ: ಅವರು ಕೇಳೋದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಗಲಾಟೆ ನಿಲ್ಲಿಸೋದ್ರ ಮೇಲೆ.

ಮ್ಯಾಗ್ನೆಟಿಕ್ ಫೀಲ್ಡನ್ನ ಗೋಡೆ ಕಟ್ಟಿ ತಡೆಯೋಕಾಗಲ್ಲ, ಇಟ್ಟಿಗೆ ಸಿಮೆಂಟು ಅದಕ್ಕೆ ಗಾಳಿ ಇದ್ದಂಗೆ. ತಡೆಯೋ ಬದಲು ಬೇರೆ ದಾರಿ ತೋರಿಸ್ಬೇಕು. ನಿಕ್ಕಲ್ ಜಾಸ್ತಿ ಇರೋ ಕೆಲವು ಮಿಶ್ರಲೋಹಗಳಿವೆ, ಪರ್ಮಲಾಯ್ ಅಂತ, ಫೀಲ್ಡು ಗಾಳಿಯಲ್ಲಿ ಹೋಗೋದಕ್ಕಿಂತ ಅದರೊಳಗೆ ಸಲೀಸಾಗಿ ಹೋಗುತ್ತೆ. ಮಳೆನೀರಿಗೆ ಚರಂಡಿ ತೋಡಿದ ಹಾಗೆ, ನೀರು ಮನೆ ಸುತ್ತ ಹರಿದು ಹೋಗುತ್ತೆ, ಒಳಗೆ ಬರಲ್ಲ. ನಿಧಾನಕ್ಕೆ ಬದಲಾಗೋ ಫೀಲ್ಡಿಗೆ ಇದು. ಬೇಗ ಬೇಗ ಬದಲಾಗೋದಕ್ಕೆ ಅಲ್ಯೂಮಿನಿಯಂ ಪದರ, ಅದರಲ್ಲಿ ಸುಳಿ ಕರೆಂಟು ಎದ್ದು ಹೊರಗಿನ ಬದಲಾವಣೆಗೆ ಎದುರು ನಿಲ್ಲುತ್ತೆ. 1969ರಲ್ಲಿ ಎಂಐಟಿಗೆ ಬಂದ್ಮೇಲೆ ಅಲ್ಲಿನ ಫ್ರಾನ್ಸಿಸ್ ಬಿಟ್ಟರ್ ಮ್ಯಾಗ್ನೆಟ್ ಲ್ಯಾಬಲ್ಲಿ ಕಟ್ಟಿದ ರೂಮಿಗೆ ಇಂಥ ಐದು ಪದರ, ಮೂರು ಪರ್ಮಲಾಯ್, ಎರಡು ಅಲ್ಯೂಮಿನಿಯಂ. ಆಕಾರವೂ ಪೆಟ್ಟಿಗೆ ಥರ ಅಲ್ಲ, ಮೂಲೆಗಳನ್ನ ಕತ್ತರಿಸಿ 26 ಮುಖ ಮಾಡಿ ಹೆಚ್ಚುಕಮ್ಮಿ ಗುಂಡಗೆ ತಂದಿದ್ರು.

ಇನ್ನೊಂದು ಸಣ್ಣ ಕಿತಾಪತಿ ಇದೆ, ಅದು ನನಗೆ ಬಹಳ ಇಷ್ಟ. ಆ ಲೋಹದೊಳಗೆ ಪುಟ್ಟ ಪುಟ್ಟ ಮ್ಯಾಗ್ನೆಟ್ ಪ್ರದೇಶಗಳಿರ್ತಾವಲ್ಲ, ಅವು ಸೋಮಾರಿಗಳು, ಸಣ್ಣ ಫೀಲ್ಡಿಗೆ ಮೈ ಅಲ್ಲಾಡಿಸಲ್ಲ. ಕೋಹೆನ್ ಏನು ಮಾಡಿದ್ರು ಅಂದ್ರೆ ಪದರದ ಸುತ್ತ ತಂತಿ ಸುತ್ತಿ ಎಸಿ ಕರೆಂಟು ಬಿಟ್ಟು ಅವುಗಳನ್ನ ಸದಾ ಅಲ್ಲಾಡಿಸ್ತಾ ಇಟ್ರು. ಶೇಕಿಂಗ್ ಅಂತಲೇ ಹೆಸರು. ತೂಕಡಿಸೋ ವಾಚ್‌ಮನ್ನನ್ನ ಆಗಾಗ ಅಲ್ಲಾಡಿಸಿದ ಹಾಗೆ, ಎಚ್ಚರ ಇದ್ರೆ ಕಾವಲು ಚೆನ್ನಾಗಿ ಕಾಯ್ತಾನೆ. ಅದೇ ಲೋಹ, ಅದೇ ದಪ್ಪ, ರಕ್ಷಣೆ ಜಾಸ್ತಿ.

ಮೆದುಳಿಂದು ಯಾವಾಗ ಸಿಕ್ತು?

1968ರಲ್ಲಿ, ಇನ್ನೂ ಶಿಕಾಗೋದಲ್ಲಿದ್ದಾಗ, ಅದೇ ತಾಮ್ರದ ಕಾಯಿಲ್ ಹಿಡ್ಕೊಂಡು. ಕಾಯಿಲ್‌ಗೆ ಅದರದ್ದೇ ಗೊರಗೊರ ಇದೆ, ಮೆದುಳಿನ ಸಿಗ್ನಲ್ ಅದರೊಳಗೆ ಮುಳುಗೋಗಿರುತ್ತೆ, ನೇರ ನೋಡಿದ್ರೆ ಏನೂ ಕಾಣಲ್ಲ. ಅದಕ್ಕೆ ಒಂದು ಉಪಾಯ. ಕಣ್ಣು ಮುಚ್ಚಿ ಸುಮ್ನೆ ಕೂತ್ರೆ ತಲೆ ಹಿಂಭಾಗದಲ್ಲಿ ಸೆಕೆಂಡಿಗೆ ಹತ್ತರ ಲೆಕ್ಕದಲ್ಲಿ ಆಲ್ಫಾ ಅಲೆ ಏಳುತ್ತೆ. ಅದನ್ನ ಇಇಜಿ ವೈರಿಂದ ಹಿಡಿದು, ಅದರ ತಾಳಕ್ಕೆ ಸರಿಯಾಗಿ ಕಾಯಿಲ್ ಸಿಗ್ನಲ್ಲನ್ನ ಸಾವಿರಾರು ಸಲ ಒಂದರ ಮೇಲೊಂದು ಕೂಡಿಸೋದು. ಗೊರಗೊರ ತಾಳ ಇಲ್ಲದ್ದು, ಕೂಡಿಸ್ತಾ ಹೋದಂಗೆ ಒಂದನ್ನೊಂದು ಹೊಡ್ಕೊಂಡು ಸಾಯುತ್ತೆ, ಮೆದುಳಿಂದು ತಾಳಕ್ಕೆ ಸರಿ ಇರೋದು, ಉಳ್ಕೊಳ್ಳುತ್ತೆ. ಆ ಪ್ರಬಂಧನೇ ಎಂಇಜಿಯ ಹುಟ್ಟು ಅಂತ ಎಲ್ಲರೂ ಒಪ್ಪೋದು. ಆದ್ರೆ ಅವರಿಗೇ ಗೊತ್ತಿತ್ತು, ಹಿಂಗೆ ಇಇಜಿಯ ಊರುಗೋಲು ಹಿಡ್ಕೊಂಡು ನಡೆಯೋದು ಬಹಳ ದಿನ ನಡೆಯಲ್ಲ ಅಂತ.

ಆಮೇಲೆ ಏನಾಯ್ತು? ಡಿಸೆಂಬರ್ 31ರ ಕಥೆ ಅಂತ ಏನೋ ಹೇಳ್ತಾರಲ್ಲ?

ಹ್ಞಾಂ ಅದೇ. ಜೇಮ್ಸ್ ಜಿಮ್ಮರ್‌ಮನ್ ಅಂತ ಒಬ್ಬರು, ಫೋರ್ಡ್ ಕಾರು ಕಂಪನಿಯ ರಿಸರ್ಚ್ ಲ್ಯಾಬಲ್ಲಿ ಇದ್ದಾಗ ಸ್ಕ್ವಿಡ್ ಅನ್ನೋ ಸಾಧನದ ಮೇಲೆ ಕೆಲಸ ಮಾಡಿದ್ದೋರು. (ಕಾರು ಕಂಪನಿಗೂ ಇದಕ್ಕೂ ಏನ್ ಸಂಬಂಧ ಅಂದ್ರೆ, ಆಗಿನ ಕಾಲದಲ್ಲಿ ದೊಡ್ಡ ಕಂಪನಿಗಳು ಶುದ್ಧ ವಿಜ್ಞಾನಕ್ಕೂ ದುಡ್ಡು ಹಾಕ್ತಿದ್ವು, ಈಗ ಕೇಳಿದ್ರೆ ಕಥೆ ಥರ ಅನ್ಸುತ್ತೆ.) ಜಗತ್ತಿನ ಅತಿ ಸೂಕ್ಷ್ಮ ಮ್ಯಾಗ್ನೆಟಿಕ್ ಸೆನ್ಸರ್ ಜಿಮ್ಮರ್‌ಮನ್ ಹತ್ರ, ಜಗತ್ತಿನ ಅತಿ ನಿಶ್ಶಬ್ದ ರೂಮು ಕೋಹೆನ್ ಹತ್ರ. ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿಯ ಎಡ್ಗರ್ ಎಡೆಲ್‌ಸ್ಯಾಕ್ ಇಬ್ಬರನ್ನೂ ಸೇರಿಸಿದ್ರು. ಒಂದು ಥರ ಮದುವೆ ಬ್ರೋಕರು.

1969ರ ಡಿಸೆಂಬರ್ ಕೊನೇಲಿ ಜಿಮ್ಮರ್‌ಮನ್ ತಮ್ಮ ಸ್ಕ್ವಿಡ್ ತಂದು ಎಂಐಟಿ ರೂಮಲ್ಲಿ ಹೂಡಿದ್ರು, ಊರೆಲ್ಲಾ ಹೊಸ ವರ್ಷಕ್ಕೆ ಕಾಯ್ತಿದ್ರೆ ಇವರು 31ನೇ ತಾರೀಖು ಸಂಜೆ ಎದೆ ಅಳೆಯೋಕೆ ಕೂತ್ರು. ಯಾರ ಎದೆ? ಜಿಮ್ಮರ್‌ಮನ್ ಅವರದ್ದೇ. ಬಟ್ಟೆ ಬಿಚ್ಚಿ ಬರೀ ಚಡ್ಡಿಯಲ್ಲಿ ನಿಂತ್ರು, ಯಾಕಂದ್ರೆ ಪ್ಯಾಂಟಿನ ಜಿಪ್ಪು, ಬಟನ್ನು, ಒಂದು ಸಣ್ಣ ಕಬ್ಬಿಣದ ಚೂರಿದ್ರೂ ಹೃದಯದ ಸಿಗ್ನಲ್ ಮುಚ್ಚಿಹೋಗುತ್ತೆ. ಬಂದ ಗೆರೆ ಎಷ್ಟು ಸ್ವಚ್ಛ ಇತ್ತು ಅಂದ್ರೆ ಇಸಿಜಿ ಪಕ್ಕದಲ್ಲಿಟ್ಟು ನೋಡ್ಬಹುದಿತ್ತು, ಸಾವಿರ ಸಲ ಕೂಡಿಸೋ ಗೋಜೇ ಇಲ್ಲ. ಮೂವರ ಹೆಸರಲ್ಲೂ 1970ರಲ್ಲಿ ಪ್ರಬಂಧ ಬಂತು. 1972ರಲ್ಲಿ ಅದೇ ಜೋಡಿ, ರೂಮು ಮತ್ತೆ ಸ್ಕ್ವಿಡ್, ಬಳಸಿ ಕೋಹೆನ್ ಮೆದುಳಿನ ಆಲ್ಫಾ ಅಲೆಯನ್ನ ಇಇಜಿಯ ಹಂಗಿಲ್ಲದೆ ನೇರವಾಗಿ ತೆಗೆದ್ರು. ಊರುಗೋಲು ಬಿದ್ದೋಯ್ತು.

ಸ್ಕ್ವಿಡ್ ಅಂದ್ರೆ ಸಮುದ್ರದ್ದಾ?

ಅದಲ್ಲ, ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಸೂಪರ್‌ಕಂಡಕ್ಟರ್‌ನ ಒಂದು ಪುಟ್ಟ ಉಂಗುರ, ಅದರಲ್ಲಿ ಒಂದೋ ಎರಡೋ ಕಡೆ ಬೇಕಂತಲೇ ವೀಕ್ ಮಾಡಿದ ಜೋಡಣೆ. ಉಂಗುರದೊಳಗೆ ಹೋಗೋ ಫೀಲ್ಡು ಕೂದಲೆಳೆಯಷ್ಟು ಬದಲಾದ್ರೂ ಅದರ ವೋಲ್ಟೇಜ್ ಕುಣಿಯುತ್ತೆ. ಬ್ರಯಾನ್ ಜೋಸೆಫ್‌ಸನ್ 1962ರಲ್ಲಿ ಹೇಳಿದ ಪರಿಣಾಮದ ಮೇಲೆ ನಿಂತಿರೋದು, ಅವರಿಗೆ 1973ರಲ್ಲಿ ನೊಬೆಲ್ ಬಂತು. ಕಷ್ಟ ಏನಂದ್ರೆ ಅದನ್ನ ದ್ರವ ಹೀಲಿಯಂ ಒಳಗೆ ಮೈನಸ್ 269 ಡಿಗ್ರಿಯಲ್ಲಿ ಇಡ್ಬೇಕು. ಹೀಲಿಯಂ ಬೆಲೆ ಕೇಳಿದ್ರೆ ಲ್ಯಾಬಿನೋರ ಮುಖ ಸಪ್ಪಗಾಗುತ್ತೆ.

ಇಸಿಜಿ ಇದ್ದೇ ಇದೆಯಲ್ಲ, ಮತ್ತೆ ಎದೆಗೆ ಇಷ್ಟೆಲ್ಲಾ ಒದ್ದಾಟ ಯಾಕೆ?

ನ್ಯಾಯವಾದ ಪ್ರಶ್ನೆ. ನಮ್ಮಪ್ಪನಿಗೆ ಎದೆನೋವು ಬಂದಾಗ ಹತ್ತು ನಿಮಿಷದಲ್ಲಿ ಇಸಿಜಿ ತೆಗೆದು ಕೈಗೆ ಕಾಗದ ಕೊಟ್ರು, ಅಂಥ ಸುಲಭ ಇನ್ನೊಂದಿಲ್ಲ. ಆದ್ರೆ ಇಸಿಜಿಗೆ ಒಂದು ಕುರುಡಿದೆ, ಹೃದಯದಲ್ಲಿ ಕೋಹೆನ್ ಮಾಡಿದ ಒಳ್ಳೆ ಕೆಲಸ ಅಲ್ಲೇ ಇರೋದು.

ಹಾರ್ಟ್ ಅಟ್ಯಾಕ್ ಆದಾಗ ಡಾಕ್ಟ್ರು ನೋಡೋದು ಎಸ್‌ಟಿ ಸೆಗ್ಮೆಂಟ್ ಮೇಲೆದ್ದಿದೆಯಾ ಅಂತ. ಗೆರೆಯಲ್ಲಿ ಒಂದು ಬಡಿತದ ಚೂಪು ಮುಗಿದು ಮುಂದಿನ ದಿಣ್ಣೆ ಶುರುವಾಗೋ ಮಧ್ಯದ ಜಾಗ ಅದು. ಮೇಲೆದ್ದಿದೆ ಅನ್ನೋದೇನೋ ಸರಿ, ಯಾವುದಕ್ಕೆ ಹೋಲಿಸಿ? ನಿಜವಾಗ್ಲೂ ಆ ಭಾಗ ಮೇಲೆದ್ದಿರಬಹುದು, ಇಲ್ಲಾ ಪೆಟ್ಟಾದ ಸ್ನಾಯುವಿಂದ ಸದಾ ಒಂದು ಕರೆಂಟು ಸೋರ್ತಾ ಇದ್ದು ಮಿಕ್ಕ ಬೇಸ್‌ಲೈನೇ ಕೆಳಗೆ ಕುಸಿದು ಆ ಭಾಗ ಮೇಲಿದ್ದಂಗೆ ಕಾಣಿಸ್ತಿರಬಹುದು. ನೆಲ ತಗ್ಗಿದ್ರೆ ಕಟ್ಟೆ ಎತ್ತರ ಕಾಣಲ್ವಾ, ಹಂಗೆ. ಇಸಿಜಿ ಯಂತ್ರ ಬದಲಾಗದ ಕರೆಂಟನ್ನ ಸೋಸಿ ಬಿಸಾಡುತ್ತೆ, ಬಿಸಾಡದೆ ಇದ್ರೂ ಚರ್ಮ ಮತ್ತೆ ಎಲೆಕ್ಟ್ರೋಡ್ ನಡುವಿನ ವೋಲ್ಟೇಜ್ ಅದನ್ನ ಮುಳುಗಿಸಿಬಿಡುತ್ತೆ. ಮ್ಯಾಗ್ನೆಟಿಕ್ ಅಳತೆಗೆ ಚರ್ಮ ಮುಟ್ಟೋದೇ ಬೇಡ, ಬದಲಾಗದ ಕರೆಂಟನ್ನೂ ಹಿಡಿಯುತ್ತೆ. 1971ರಲ್ಲಿ ಕೋಹೆನ್ ಮತ್ತೆ ಜೊತೆಯವರು ನಾಯಿಗಳಲ್ಲಿ ಹೃದಯದ ರಕ್ತನಾಳ ಕಟ್ಟಿ, ಎಸ್‌ಟಿ ಸರಿಯೋದನ್ನೂ ಬೇಸ್‌ಲೈನ್ ಸರಿಯೋದನ್ನೂ ಬೇರೆ ಬೇರೆಯಾಗಿ ಅಳೆದು ತೋರಿಸಿದ್ರು. ಇವತ್ತಿಗೂ ಎಮರ್ಜೆನ್ಸಿಯಲ್ಲಿ ಇಸಿಜಿನೇ ನೋಡೋದು, ಅದು ಬದಲಾಗಿಲ್ಲ, ಆದ್ರೆ ಆ ಗೆರೆಯ ಅರ್ಥ ಏನು ಅನ್ನೋದು ಗೊತ್ತಾಗಿದ್ದು ಇಂಥ ಕೆಲಸದಿಂದ.

ಹೊಟ್ಟೆಯಲ್ಲಿರೋ ಮಗುವಿನ ಹೃದಯಕ್ಕೂ ಇದು ಬಹಳ ಉಪಯೋಗ. ಏಳು ತಿಂಗಳ ಆಸುಪಾಸು ಮಗುವಿನ ಮೈಮೇಲೆ ಬೆಣ್ಣೆಯಂಥ ಪದರ ಬೆಳೆಯುತ್ತಲ್ಲ, ಅದು ಕರೆಂಟಿಗೆ ಇನ್ಸುಲೇಟರ್, ಇಸಿಜಿ ಹೊರಗೆ ಬರಲ್ಲ, ಮ್ಯಾಗ್ನೆಟಿಕ್ ಫೀಲ್ಡು ಬರುತ್ತೆ. 1974ರಲ್ಲೇ ಫಿನ್ಲೆಂಡಿನೋರು ಅದನ್ನ ತೆಗೆದು ತೋರಿಸಿದ್ರು.

ಎಂಇಜಿ ಅಂದ್ರೆ ಎಂಆರ್‌ಐ ಥರ ಮೆದುಳಿನ ಫೋಟೋ ಬರುತ್ತಾ?

ಇಲ್ಲ. ಎಂಆರ್‌ಐ ದೊಡ್ಡ ಮ್ಯಾಗ್ನೆಟ್ ಹಾಕಿ ಮೆದುಳಿನ ರಚನೆ ತೋರಿಸುತ್ತೆ. ಎಂಇಜಿ ಏನನ್ನೂ ಹಾಕಲ್ಲ, ಬರೀ ಕೇಳಿಸ್ಕೊಳ್ಳುತ್ತೆ. ಫಂಕ್ಷನಲ್ ಎಂಆರ್‌ಐ ರಕ್ತ ಎಲ್ಲಿಗೆ ಓಡ್ತು ಅಂತ ನೋಡೋದು, ರಕ್ತಕ್ಕೆ ಸೆಕೆಂಡುಗಟ್ಟಲೆ ಬೇಕು, ಎಂಇಜಿ ನರಗಳನ್ನೇ ನೇರ ಕೇಳೋದ್ರಿಂದ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಏನಾಯ್ತು ಅಂತಾನೂ ಹೇಳುತ್ತೆ. ಇಇಜಿಗಿಂತ ಒಂದು ಅನುಕೂಲ ಏನು ಅಂದ್ರೆ ತಲೆಬುರುಡೆ ಕರೆಂಟನ್ನ ಕಲಸಿಬಿಡುತ್ತೆ, ಫೀಲ್ಡನ್ನ ಅಷ್ಟು ಕಲಸಲ್ಲ. ಅನಾನುಕೂಲ, ತಲೆಯ ಮಧ್ಯದಿಂದ ನೇರ ಹೊರಕ್ಕೆ ಮುಖ ಮಾಡಿರೋ ಕರೆಂಟು ಎಂಇಜಿಗೆ ಹೆಚ್ಚುಕಮ್ಮಿ ಕಾಣೋದೇ ಇಲ್ಲ. ಮತ್ತೆ ಹೊರಗೆ ಸಿಕ್ಕ ಫೀಲ್ಡಿಂದ ಒಳಗೆ ಎಲ್ಲಿ ಕರೆಂಟು ಅಂತ ಹಿಂದಕ್ಕೆ ಲೆಕ್ಕ ಹಾಕ್ಬೇಕು, ಅದಕ್ಕೆ ಒಂದೇ ಉತ್ತರ ಅಂತ ಇರಲ್ಲ, ಇದನ್ನ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಹೇಳಿದ್ರು. ಬಣ್ಣಬಣ್ಣದ ಚಿತ್ರ ತೋರಿಸಿದ್ರೆ ಅದರ ಹಿಂದೆ ಒಂದಷ್ಟು ಊಹೆಗಳಿವೆ ಅಂತ ನೆನಪಿಟ್ಕೊಳ್ಳಿ.

ಶ್ವಾಸಕೋಶದ ವಿಷಯ ಏನೋ ಅಂದ್ರಿ?

ರೂಮು ಸ್ಕ್ವಿಡ್ಡು ಎರಡೂ ಇದ್ದಾಗ ಸುಮ್ನೆ ಕೂರೋ ಪೈಕಿ ಅಲ್ಲ ಈ ಮನುಷ್ಯ. ವೆಲ್ಡಿಂಗ್ ಮಾಡೋರ ಎದೆಯಲ್ಲಿ ಕಬ್ಬಿಣದ ಧೂಳು ಕೂತಿರುತ್ತೆ, ಅದಕ್ಕೆ ಒಂದ್ಸಲ ಹೊರಗಿಂದ ಮ್ಯಾಗ್ನೆಟ್ ಹಿಡಿದು ತೆಗೆದ್ರೆ ಧೂಳು ತಾನೇ ಪುಟ್ಟ ಮ್ಯಾಗ್ನೆಟ್ ಆಗುತ್ತೆ, ಎಷ್ಟಿದೆ ಅಂತ ಅಳೀಬಹುದು. 1973ರಲ್ಲಿ ಇದನ್ನ ಪ್ರಕಟಿಸಿದ್ರು. 1979ರಲ್ಲಿ ಇನ್ನೂ ಚೆಂದದ್ದು: ಸಿಗರೇಟು ಸೇದೋರು, ಸೇದದೋರು ಇಬ್ಬರಿಗೂ ಅಪಾಯ ಇಲ್ಲದ ಮ್ಯಾಗ್ನೆಟೈಟ್ ಧೂಳು ಸ್ವಲ್ಪ ಉಸಿರಾಡೋಕೆ ಕೊಟ್ಟು ತಿಂಗಳುಗಟ್ಟಲೆ ಅಳೆದ್ರು. ಒಂದು ವರ್ಷದ ಹತ್ತಿರ ಆದ್ಮೇಲೆ ಸೇದದೋರಲ್ಲಿ ಸುಮಾರು 10 ಪರ್ಸೆಂಟ್ ಧೂಳು ಉಳಿದಿತ್ತು, ಸೇದೋರಲ್ಲಿ ಸುಮಾರು 50. ಶ್ವಾಸಕೋಶದ ಕಸ ಗುಡಿಸೋ ಕೆಲಸಾನೇ ಸಿಗರೇಟು ಹಾಳು ಮಾಡುತ್ತೆ ಅಂತ ಇಷ್ಟು ನೇರವಾಗಿ ತೋರಿಸಿದ ಪ್ರಯೋಗ ನಾನು ಬೇರೆ ಓದಿಲ್ಲ.

1980ರಲ್ಲಿ ಇನ್ನೊಂದು, ತಲೆಯಿಂದ ಬರೋ ಬದಲಾಗದ ಫೀಲ್ಡು ಎಲ್ಲಿಂದ ಅಂತ ಹುಡುಕ್ತಾ ಹೋದ್ರೆ ಅದರ ಮೂಲ ಮೆದುಳಲ್ಲ, ಕೂದಲಿನ ಬುಡ! ನಮ್ಮನೇಲಿ ಇದನ್ನ ಹೇಳಿದಾಗ ಬೋಳುತಲೆ ಮಾವ ಒಬ್ಬರು ಬಹಳ ಖುಷಿ ಪಟ್ರು.

ಎಂಇಜಿ ಅಷ್ಟೇನೂ ದೊಡ್ಡದಲ್ಲ ಅಂತ ಅವರೇ ಹೇಳಿದ್ರಂತೆ, ನಿಜಾನಾ?

ಪೂರ್ತಿ ಹಂಗಲ್ಲ. ಎಂಇಜಿ ಬಂದ್ಮೇಲೆ ಇಇಜಿಗಿಂತ ಬಹಳ ನಿಖರವಾಗಿ ಜಾಗ ತೋರಿಸುತ್ತೆ ಅಂತ ಎಲ್ಲ ಕಡೆ ಡಂಗುರ ಶುರುವಾಗಿತ್ತು. ಕೋಹೆನ್ ಮತ್ತೆ ತಂಡದೋರು ಸರಿ ಪರೀಕ್ಷೆ ಮಾಡೋಣ ಅಂದ್ರು. ಎಪಿಲೆಪ್ಸಿ ಆಪರೇಷನ್ ಸಲುವಾಗಿ ಆಗಲೇ ಮೆದುಳೊಳಗೆ ಎಲೆಕ್ಟ್ರೋಡ್ ಇಟ್ಟಿರೋ ರೋಗಿಗಳಲ್ಲಿ ಅದೇ ಎಲೆಕ್ಟ್ರೋಡಿಂದ ಸಣ್ಣ ಕರೆಂಟು ಬಿಟ್ರೆ ಮೂಲ ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತೆ, ಹೊರಗಿಂದ ಎರಡೂ ಪದ್ಧತಿ ಊಹೆ ಮಾಡ್ಲಿ, ಯಾರು ಎಷ್ಟು ತಪ್ತಾರೆ ನೋಡೋಣ ಅಂತ. 1990ರಲ್ಲಿ ಬಂದ ಉತ್ತರ: ಎಂಇಜಿ ಸರಾಸರಿ 8 ಮಿಲಿಮೀಟರ್ ತಪ್ಪು, ಇಇಜಿ 10. ಅಂದ್ರೆ ವ್ಯತ್ಯಾಸ ಅಷ್ಟಕ್ಕಷ್ಟೇ. ಎಂಇಜಿ ಬಳಗದಲ್ಲಿ ದೊಡ್ಡ ಗದ್ದಲ ಎದ್ದಿತು, ಪರೀಕ್ಷೆ ಮಾಡಿದ ರೀತಿ ಸರಿ ಇಲ್ಲ ಅಂತ ಹೆಲ್ಸಿಂಕಿಯ ಗುಂಪಿನೋರು ಬರೆದ್ರು. ಆ ಆಕ್ಷೇಪಗಳಲ್ಲಿ ಹುರುಳಿದೆ ಅಂತ ನಮ್ಮನೆಯವರ ವಾದ, ಇದರ ಮೇಲೆ ನಮ್ಮಿಬ್ಬರಿಗೆ ಇನ್ನೂ ಒಮ್ಮತ ಇಲ್ಲ. ಆದ್ರೆ ತಾನೇ ಹುಟ್ಟಿಸಿದ ಪದ್ಧತಿಯನ್ನ ತಕ್ಕಡೀಲಿ ಹಾಕಿ, ತೂಕ ಕಮ್ಮಿ ಬಂದ್ರೂ ಹಂಗೇ ಅಚ್ಚು ಹಾಕಿದ್ದು, ಅದು ಎಲ್ಲರ ಕೈಲಿ ಆಗೋ ಕೆಲಸ ಅಲ್ಲ.

ನೊಬೆಲ್ ಬಂತಾ?

ಇಲ್ಲ.

ಈಗ ಎಲ್ಲಿಗೆ ಬಂದಿದೆ ಇದು? ಇಂಡಿಯಾದಲ್ಲಿ ಇದೆಯಾ?

ಕೋಹೆನ್ ಕಾಲದಲ್ಲಿ ಒಂದೇ ಸೆನ್ಸರ್, ತಲೆಯ ಸುತ್ತ ಒಂದೊಂದೇ ಜಾಗಕ್ಕೆ ಸರಿಸಿ ಸರಿಸಿ ಅಳೀಬೇಕಿತ್ತು. 1990ರ ದಶಕದ ಶುರುವಲ್ಲಿ ಇಡೀ ತಲೆ ಮುಚ್ಚೋ ಹೆಲ್ಮೆಟ್‌ಗಳು ಬಂದ್ವು, ಹೆಲ್ಸಿಂಕಿಯದ್ದು 122 ಚಾನೆಲ್, ಆಮೇಲೆ 306. ಹೊಸಾದು ಅಂದ್ರೆ ಹೀಲಿಯಂ ಬೇಡದ ಸೆನ್ಸರು, ಪುಟ್ಟ ಡಬ್ಬಿಯಲ್ಲಿ ಲೋಹದ ಆವಿ, ಅದಕ್ಕೆ ಲೇಸರ್. 2018ರಲ್ಲಿ ನಾಟಿಂಗ್‌ಹ್ಯಾಮ್ ಮತ್ತೆ ಲಂಡನ್ನಿನೋರು ಅದನ್ನ ತಲೆಗೆ ಹಾಕ್ಕೊಂಡು ಬಾಲ್ ಆಡ್ತಾ ಅಳೆದು ತೋರಿಸಿದ್ರು. ಆದ್ರೂ ರೂಮು ಬೇಕೇ ಬೇಕು ನೋಡಿ, ಸೆನ್ಸರ್ ಎಷ್ಟು ಬದಲಾದ್ರೂ ರೂಮಿಗೆ ಮಾತ್ರ ಬದಲಿ ಸಿಕ್ಕಿಲ್ಲ.

ನಮ್ಮಲ್ಲಿ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದೋರು ಸ್ಕ್ವಿಡ್ ತಾವೇ ಮಾಡ್ಕೊಂಡು ಹೃದಯ ಅಳೆಯೋ ಯಂತ್ರಾನೂ ಕಟ್ಟಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂಇಜಿ ಇದೆ, ಮುಖ್ಯವಾಗಿ ಎಪಿಲೆಪ್ಸಿಗೆ. ಔಷಧಿಗೆ ಬಗ್ಗದ ಫಿಟ್ಸ್ ಮೆದುಳಿನ ಯಾವ ಮೂಲೆಯಿಂದ ಶುರುವಾಗುತ್ತೆ ಅಂತ ಆಪರೇಷನ್‌ಗೆ ಮುಂಚೆ ಹುಡುಕೋಕೆ.

ನಮ್ಮ ಮಗಳಿಗೆ ಎಂಇಜಿ ಬರೆದಿದ್ದಾರೆ. ನೋವಾಗುತ್ತಾ? ಏನು ಹಾಕಿ ಕರ್ಕೊಂಡು ಹೋಗ್ಬೇಕು?

ನೋವಿಲ್ಲ, ಸೂಜಿ ಇಲ್ಲ, ರೇಡಿಯೇಷನ್ ಇಲ್ಲ, ಎಂಆರ್‌ಐ ಥರ ಢಬಢಬ ಶಬ್ದಾನೂ ಇಲ್ಲ. ಆದಷ್ಟು ಅಲ್ಲಾಡದೆ ಇರ್ಬೇಕು, ಅದೊಂದೇ ಕಷ್ಟ. ರಾತ್ರಿ ನಿದ್ದೆ ಕಮ್ಮಿ ಮಾಡಿಸಿ ಅಂತ ಅಂದ್ರೆ ಅಷ್ಟೇ ಮಾಡಿ, ಮಾತ್ರೆ ಮಾತ್ರ ಡಾಕ್ಟ್ರನ್ನ ಕೇಳದೆ ನಿಲ್ಲಿಸ್ಬೇಡಿ. ಓಲೆ, ಸರ, ಬಳೆ, ಕಾಲ್ಗೆಜ್ಜೆ, ಹೇರ್‌ಪಿನ್ನು, ತಾಯತ ಎಲ್ಲಾ ಮನೇಲೇ ಬಿಡಿ. ಹಲ್ಲಿಗೆ ಕ್ಲಿಪ್ ಹಾಕಿದ್ರೆ, ಮೈಯೊಳಗೆ ಯಾವ್ದಾದ್ರೂ ಯಂತ್ರ ಇಟ್ಟಿದ್ರೆ ಮುಂಚೇನೇ ಹೇಳಿ. ಜಿಪ್ಪು, ಹುಕ್ಕು, ಮಿನುಗು ಇಲ್ಲದ ಹತ್ತಿ ಬಟ್ಟೆ ಹಾಕಿ, ಅಲ್ಲೇ ಅವರದ್ದೊಂದು ಬಟ್ಟೆ ಕೊಟ್ರೂ ಕೊಡ್ಬಹುದು. ಚಡ್ಡಿಯಲ್ಲಿ ನಿಲ್ಲೋದೇನೂ ಬೇಡ, ಅದು ಜಿಮ್ಮರ್‌ಮನ್ ಅವರ ಕಾಲಕ್ಕೆ ಆಯ್ತು.